ಸೂಜಿಯಕ್ಕನ ಹದಿನಾಲ್ಕು ಸಹಿ

ಬೆಳಗ್ಗೆ ಎದ್ದು ಮುಖ ತೊಳೆದು ದೇವರಿಗೆ ಕೈ ಮುಗಿದ ಮೇಲೆ ಸೂಜಿಯಕ್ಕ ಮಾಡುವ ಮೊದಲ ಕೆಲಸ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುವುದು. ಎರಡನೆಯದು, ಆ ಹಾಳೆಯ ಬೆನ್ನಿಗೆ ತನ್ನ ಸಹಿ ಹಾಕುವುದು. ಒಂದೇ ಒಂದು ಸಹಿ. ಕಾಫಿ ಏನಿದ್ದರೂ ಅದಾದ ಮೇಲೆ. ಜ್ವರ ಬಂದು ಮೇಲೇಳಲಾಗದ ದಿನವೂ ಗಂಡನಿಂದ ಹಾಳೆ ತರಿಸಿಕೊಂಡು, ಊಟದ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲಿಟ್ಟು ಸಹಿ ಮಾಡಿದವಳು.

"ಯಾವ ಬ್ಯಾಂಕು ನಿನ್ನ ಸಹಿಗೆ ಬಾಯಿ ಬಿಟ್ಕೊಂಡು ಕಾಯ್ತಾ ಇದೆಯೇ?" ಎಂದು ಗಂಡ ಒಂಬತ್ತು ವರ್ಷದಿಂದ ಕೇಳುತ್ತಲೇ ಇದ್ದಾನೆ.

"ನಿಮಗೇನ್ರೀ, ನೀವು ಕಾಲೇಜು ಮೆಟ್ಟಿಲು ಹತ್ತಿದವರು. ಸುಮ್ನೆ ಹೋಗಿ, ಹಾಲು ಉಕ್ಕತ್ತೆ ನೋಡಿ," ಎಂದು ಅವಳೂ ಒಂಬತ್ತು ವರ್ಷದಿಂದ ಹೇಳುತ್ತಾಳೆ.

ಮೂರನೇ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. ಅಳತೆಯೆಲ್ಲ ತಲೆಯಲ್ಲೇ ಇರುತ್ತಿತ್ತು. ಕಾಗದ ಪತ್ರಕ್ಕೆ ಹೆಬ್ಬೆಟ್ಟು. ಗಂಡನಿಗೆ ಹೊರದೇಶದ ಉಗ್ರಾಣವೊಂದರಲ್ಲಿ ಕೆಲಸ ಸಿಕ್ಕಿ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಬೇಕಾದಾಗ, ಹೆಬ್ಬೆಟ್ಟು ಬೇಡ ಎಂದು ಹಟ ಹಿಡಿದು ಒಂದೇ ಸಂಜೆಯಲ್ಲಿ ಗಂಡನಿಂದ ಸಹಿ ಕಲಿತಳು. ಮರುದಿನ ಕಚೇರಿಯಲ್ಲಿ ಬೆವರಿದ ಕೈಯಲ್ಲಿ ಹಾಕಿದ ಸಹಿ, ನೀರಿಗೆ ಬಿದ್ದು ದಡ ಸೇರಿದ ಇರುವೆ ಸಾಲಿನ ಹಾಗಿತ್ತು. ಕೌಂಟರಿನ ಗುಮಾಸ್ತ ಅದನ್ನು ಅತ್ತಿತ್ತ ತಿರುಗಿಸಿ, "ಇದು ಸಹಿನೋ, ಪೆನ್ನು ಬರೆಯುತ್ತಾ ಅಂತ ನೋಡಿದ್ದೋ?" ಎಂದ. ಹಿಂದೆ ನಿಂತವರೆಲ್ಲ ನಕ್ಕರು. ಸೂಜಿಯಕ್ಕನೂ ನಕ್ಕಳು. ಮರುದಿನದಿಂದ ಕ್ಯಾಲೆಂಡರ್ ಹಾಳೆ ಹರಿಯತೊಡಗಿದಳು.

ಒಂದು ಹಾಳೆಯನ್ನೂ ಎಸೆದಿಲ್ಲ. ದೇವರ ಮುಂದೆ ಕೂತು ಬರೆದದ್ದನ್ನು ಕಸಕ್ಕೆ ಹಾಕುವುದು ಹೇಗೆ? ವರ್ಷಕ್ಕೊಂದು ಕಟ್ಟು ಮಾಡಿ, ಅಂಚಿಗೆ ದಾರದಿಂದ ಹೊಲಿದು, ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಗುಡಿಸುವಾಗಲೆಲ್ಲ ಗಂಡನ ಪೊರಕೆ ಆ ಪೆಟ್ಟಿಗೆಗೆ ಬಡಿದು, "ಈ ರದ್ದಿಗೆ ಯಾವತ್ತೇ ಮೋಕ್ಷ?" ಎಂದು ಅವನು ಗೊಣಗುತ್ತಿದ್ದ.

ಹೊರದೇಶಕ್ಕೆ ಬಂದ ಮೇಲೆ ಅವಳಿಗೆ ಲಾಂಡ್ರಿಯೊಂದರಲ್ಲಿ ಕೆಲಸ ಸಿಕ್ಕಿತು. ಕಿಟಕಿ ಪಕ್ಕ ಯಂತ್ರ. ಉದ್ದವಾದ ಪ್ಯಾಂಟಿನ ಅಂಚು ಮಡಿಸುವುದು, ಕೆಟ್ಟ ಜಿಪ್ ಬದಲಿಸುವುದು, ಗುಂಡಿ ಹಚ್ಚುವುದು. ಕಾಲರಿನ ಒಳಗೆ ಸದಾ ಒಂದು ಸೂಜಿ ಚುಚ್ಚಿಕೊಂಡೇ ಇರುತ್ತಿದ್ದಳು, ಅದಕ್ಕೇ ಸೂಜಿಯಕ್ಕ. ಆ ಊರಿನ ಭಾಷೆಯೂ ಕೌಂಟರಿನ ಆಚೆ ನಿಂತವರ ಜೊತೆ ಮಾತಾಡಿ ಮಾತಾಡಿಯೇ ಬಂತು.

ಒಂದು ಭಾನುವಾರ ತಂಗಿಯ ಫೋನ್ ಬಂತು. ಅಮ್ಮ ಬಿಟ್ಟುಹೋದ ಎರಡು ಕೋಣೆ ಅಕ್ಕ ತಂಗಿ ಇಬ್ಬರ ಹೆಸರಿನಲ್ಲಿವೆ. ತಂಗಿ ಅಲ್ಲಿ ಆರು ಯಂತ್ರ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಆ ಶಾಲೆಗೆ ಈ ವರ್ಷ ಸರ್ಕಾರದ ಮಾನ್ಯತೆ ಸಿಗುವುದಿತ್ತು. ಆದರೆ ಜಾಗದ ಇನ್ನೊಬ್ಬ ಒಡತಿ ತನ್ನ ಪರವಾಗಿ ತಂಗಿ ವ್ಯವಹರಿಸಲಿ ಎಂದು ಅಧಿಕಾರ ಪತ್ರ ಬರೆದುಕೊಡಬೇಕಿತ್ತು.

"ಅಕ್ಕಾ, ಒಟ್ಟು ಹದಿನಾಲ್ಕು ಹಾಳೆ. ಪ್ರತಿ ಹಾಳೆಗೂ ನಿನ್ನ ಸಹಿ. ಕೊನೇಲಿ ನೋಟರಿ ಮುದ್ರೆ. ಇಪ್ಪತ್ತೆಂಟನೇ ತಾರೀಕಿಗೆ ಅದು ನನ್ನ ಕೈಲಿರಬೇಕು."

"ಇಲ್ದಿದ್ರೆ?"

"ಇಲ್ದಿದ್ರೆ ಮುಂದಿನ ವರ್ಷ. ಹದಿನೆಂಟು ಹುಡುಗೀರು ಹೆಸರು ಕೊಟ್ಟಿದಾರೆ ಅಕ್ಕಾ. ಸರ್ಟಿಫಿಕೇಟು ಕೈಗೆ ಬಂದ್ರೆ ಕೆಲಸಕ್ಕೆ ಕಳಿಸ್ತೀವಿ ಅಂತ ಮನೆಯವರು ಒಪ್ಪಿದಾರೆ. ಮುಂದಿನ ವರ್ಷ ಅಂದ್ರೆ ಅರ್ಧ ಜನರನ್ನ ಕೆಲಸಕ್ಕಲ್ಲ, ಗಂಡನ ಮನೆಗೆ ಕಳಿಸ್ತಾರೆ."

ಮೂರನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹದಿನಾಲ್ಕೇ ತಾನೇ? ನನಗದು ಎರಡು ವಾರದ ಲೆಕ್ಕ, ಅಷ್ಟೇ. ನೀನು ಯಂತ್ರಕ್ಕೆ ಎಣ್ಣೆ ಬಿಡು, ಹೋಗು," ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಲಾಯರ್ ಆಫೀಸೊಂದಕ್ಕೆ ಹೋದಳು. ಗಾಜಿನ ಮೇಜು, ಮೆತ್ತನೆಯ ಕುರ್ಚಿ, ಕೇಳದೆಯೇ ಕೊಟ್ಟ ತಣ್ಣೀರು. ಕೂತ ಕೂಡಲೇ ಅವಳಿಗೆ ಅನುಮಾನ ಬಂತು: ಇಷ್ಟು ಮೆತ್ತಗಿರುವ ಕುರ್ಚಿಯ ಬಾಡಿಗೆ ಯಾರೋ ಕೊಡಲೇಬೇಕಲ್ಲ! ನೋಟರಿ ಎದುರು ಹಾಕುವ ಒಂದೊಂದು ಸಹಿಗೂ ಶುಲ್ಕವಂತೆ. ಅವಳು ಮನಸ್ಸಿನಲ್ಲೇ ತನಗೆ ತಿಳಿದ ನಾಣ್ಯಕ್ಕೆ ಅದನ್ನು ತಿರುಗಿಸಿದಳು. ಒಂದು ಸಹಿಗೆ ಮೂರು ಪ್ಯಾಂಟಿನ ಅಂಚು. ಹದಿನಾಲ್ಕಕ್ಕೆ ನಲವತ್ತೆರಡು ಪ್ಯಾಂಟು.

"ನಲವತ್ತೆರಡು ಪ್ಯಾಂಟು ಬರಬೇಕಾದ್ರೆ ಈ ಬೀದಿಯವರೆಲ್ಲ ಒಂದೇ ವಾರದಲ್ಲಿ ಕುಳ್ಳಗಾಗಬೇಕು," ಎಂದು ಲಾಂಡ್ರಿಗೆ ಬಂದು ಯಜಮಾನಿಯ ಮುಂದೆ ಗೋಳು ತೋಡಿಕೊಂಡಳು. ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಮಾಡಿಸೋಣವೆಂದರೆ ಅದು ರೈಲಿನಲ್ಲಿ ಎಂಟು ಗಂಟೆಯ ದಾರಿ, ಖಾಲಿ ಇದ್ದ ಮೊದಲ ದಿನವೇ ಮುಂದಿನ ತಿಂಗಳು.

ಯಜಮಾನಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಲೈಬ್ರರಿಗೆ ಹೋಗು. ಬುಧವಾರ ಮೂರರಿಂದ ಐದರವರೆಗೆ ಒಬ್ಬಳು ನೋಟರಿ ಕೂರ್ತಾಳೆ. ಮೊದಲು ಕೋರ್ಟಿನಲ್ಲಿ ಇದ್ದವಳು. ಕಾಸು ತಗೊಳ್ಳಲ್ಲ."

"ಬಿಟ್ಟಿನಾ? ಹಾಗಾದ್ರೆ ಮುದ್ರೆ ಗಟ್ಟಿ ತಾನೇ?"

"ದುಡ್ಡು ತಗೊಂಡ್ರೋ ಬಿಟ್ರೋ, ಮುದ್ರೆಗೇನು ಗೊತ್ತು?"

ಬುಧವಾರವೆಂದರೆ ಇಪ್ಪತ್ತನೇ ತಾರೀಕು. ಕೊರಿಯರ್ ತಲುಪಲು ಆರು ದಿನ. ಅದು ತಪ್ಪಿದರೆ ಮುಂದಿನ ಬುಧವಾರಕ್ಕೆ ಕಾದು ಪ್ರಯೋಜನವಿಲ್ಲ.

ಆ ಬೆಳಗ್ಗೆ ಸೂಜಿಯಕ್ಕ ಸ್ನಾನ ಮಾಡಿ, ಹದಿನಾಲ್ಕು ಹಾಳೆಗಳನ್ನೂ ದೇವರ ಮುಂದಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ಒಂದೊಂದಕ್ಕೂ ಸಹಿ ಹಾಕಿದಳು. ಅಲ್ಲಿ ಹೋಗಿ ಪಾಪ ಆ ಹೆಂಗಸಿನ ಹೊತ್ತು ಯಾಕೆ ಹಾಳು ಮಾಡುವುದು? ಅಕ್ಷರಗಳು ಒಂದರ ಪಕ್ಕ ಒಂದು, ಒಂದೇ ಎತ್ತರ, ಕೊನೆಯ ಅಕ್ಷರದ ಬಾಲ ಹೊಲಿಗೆ ಮುಗಿಸಿ ಗಂಟು ಹಾಕಿದ ಹಾಗೆ ಸುತ್ತಿಕೊಂಡಿತ್ತು. ಹದಿನಾಲ್ಕೂ ಒಂದೇ ಅಚ್ಚು. ಗಂಡ ಬಗ್ಗಿ ನೋಡಿ, "ಪರವಾಗಿಲ್ವೇ, ರಾಣಿ ಮಹಾರಾಣಿ ಸಹಿ ಇದ್ದ ಹಾಗಿದೆ," ಎಂದ.

ಲೈಬ್ರರಿಯ ಮೂಲೆಯಲ್ಲಿ, ಪತ್ರಿಕೆಗಳ ಕಪಾಟಿನ ಪಕ್ಕ ಒಂದು ಮೇಜು. ಎದುರು ಹನ್ನೊಂದು ಜನರ ಸಾಲು. ಮೇಜಿನ ಹಿಂದೆ ಬಿಳಿ ಕೂದಲಿನ ಹೆಂಗಸು, ಕನ್ನಡಕ ದಾರದಲ್ಲಿ ತೂಗುತ್ತಿತ್ತು. ಸೂಜಿಯಕ್ಕ ಮನಸ್ಸಿನಲ್ಲೇ ಆಕೆಗೆ ಮುದ್ರೆಯಮ್ಮ ಎಂದು ಹೆಸರಿಟ್ಟಳು. ಕಣ್ಣು ಮಾತ್ರ ಆಕೆಯ ಸ್ವೆಟರಿನ ಎರಡನೇ ಗುಂಡಿಯ ಮೇಲೇ ಇತ್ತು. ಅದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಕಾಲರಿನ ಸೂಜಿ ತಾನಾಗಿ ಕೈಗೆ ಬಂದ ಹಾಗಾಯಿತು, ತಡೆದುಕೊಂಡಳು. ಮುದ್ರೆಗೆ ಮೊದಲು ಗುಂಡಿ ಹಚ್ಚಿದರೆ ಲಂಚ, ಆಮೇಲೆ ಹಚ್ಚಿದರೆ ಸ್ನೇಹ.

ಅವಳ ಸರದಿ ಬಂದಾಗ ಗಂಟೆ ನಾಲ್ಕಾಗಿತ್ತು. ಮುದ್ರೆಯಮ್ಮ ಹಾಳೆಗಳನ್ನು ತಿರುವಿ, ಕನ್ನಡಕ ತೆಗೆದಳು.

"ಈ ಸಹಿಗಳನ್ನ ಯಾವಾಗ ಮಾಡಿದ್ದು?"

"ಬೆಳಗ್ಗೆ. ಸ್ನಾನ ಮಾಡಿ," ಎಂದಳು ಸೂಜಿಯಕ್ಕ ಹೆಮ್ಮೆಯಿಂದ.

"ನಾನು ನೋಡಿಲ್ಲವಲ್ಲ. ನೋಡದ ಸಹಿಗೆ ನೋಡಿದೆ ಅಂತ ಮುದ್ರೆ ಒತ್ತೋಕಾಗಲ್ಲ. ಹೊಸ ಹಾಳೆ ತನ್ನಿ, ನನ್ನ ಎದುರು ಹಾಕಿ."

ಸೂಜಿಯಕ್ಕ ಪೆಚ್ಚಾದಳು. ಪುಣ್ಯಕ್ಕೆ ತಂಗಿ ಕಳಿಸಿದ್ದು ಫೋನಿನಲ್ಲಿತ್ತು, ಪ್ರಿಂಟ್ ತೆಗೆಯುವ ಯಂತ್ರ ಅಲ್ಲೇ ಇತ್ತು. ಹಾಳೆಗಳು ಬಿಸಿಬಿಸಿಯಾಗಿ ಹೊರಬಂದವು. ಮತ್ತೆ ಕೂತು, ಮನಸ್ಸಿನಲ್ಲಿ ದೇವರನ್ನು ನೆನೆದು, ಮೊದಲ ಹಾಳೆಗೆ ಸಹಿ ಹಾಕಿದಳು. ಮುದ್ರೆಯಮ್ಮ ಅದನ್ನು ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿದಳು. ಇನ್ನೊಮ್ಮೆ ನೋಡಿದಳು. ಸೂಜಿಯಕ್ಕನ ಭಾಷೆಯ ಲಿಪಿ ಆಕೆಗೆ ಓದಲು ಬಾರದು. ಚಿತ್ರಕ್ಕೆ ಚಿತ್ರ ಹೋಲಿಸುವಂತೆ ಹೋಲಿಸುತ್ತಿದ್ದಳು. ಒಂದು ಕಡೆ ದಡ ಸೇರಿದ ಇರುವೆ ಸಾಲು. ಇನ್ನೊಂದು ಕಡೆ ಮಹಾರಾಣಿ.

"ಫೋಟೋ ನಿಮ್ಮದೇ. ಆದರೆ ಈ ಸಹಿ ಅದಲ್ಲ."

"ಎರಡೂ ನಂದೇ! ಆಗ ಬರ್ತಾ ಇರಲಿಲ್ಲ, ಈಗ ಬರುತ್ತೆ, ಅಷ್ಟೇ."

"ಹಾಗಾದರೆ ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಹಾಕಿ."

ಸೂಜಿಯಕ್ಕ ಚೀಟಿಯೊಂದರ ಮೇಲೆ ಪ್ರಯತ್ನಿಸಿದಳು. ಎಷ್ಟು ಸೊಟ್ಟಗೆ ಬರೆಯಹೋದರೂ ಕೈ ತಾನೇ ನೆಟ್ಟಗಾಗುತ್ತಿತ್ತು, ಬಾಲ ತಾನೇ ಸುತ್ತಿಕೊಳ್ಳುತ್ತಿತ್ತು. ಎರಡು ಸಲ ಆದ ಮೇಲೆ ಪೆನ್ನು ಕೆಳಗಿಟ್ಟಳು. "ನನ್ನ ಸಹಿಯನ್ನ ನಾನೇ ನಕಲು ಮಾಡಿದ ಹಾಗಾಯ್ತು. ಅದು ಸುಳ್ಳು ಸಹಿ. ದೇವರು ಮೆಚ್ಚಲ್ಲ."

ಮುದ್ರೆಯಮ್ಮ ಅವಳ ಮುಖವನ್ನೇ ನೋಡಿದಳು. ನೋಟ ಸ್ವಲ್ಪ ಮೆದುವಾಯಿತು. "ಈ ಎರಡಕ್ಕೂ ಮಧ್ಯೆ ಬೇರೆ ಎಲ್ಲಾದರೂ ಸಹಿ ಹಾಕಿದ್ದೀರಾ? ಹಳೆಯ ಕಾಗದ ಏನಾದರೂ?"

ಸೂಜಿಯಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಐದರವರೆಗೆ ಇರ್ತೀರಾ?"

ಮನೆ ಹತ್ತು ನಿಮಿಷದ ದಾರಿ. ಆರು ನಿಮಿಷದಲ್ಲಿ ಮುಟ್ಟಿದಳು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಗಂಡ, ಮಂಚದ ಕೆಳಗಿನಿಂದ ಹೆಂಡತಿಯ ಕಾಲು ಮಾತ್ರ ಹೊರಗೆ ಕಾಣುತ್ತಿರುವುದನ್ನು ನೋಡಿ ಗಾಬರಿಯಾದ.

"ಏನಾಯ್ತೇ?"

"ರೀ, ಏಳಿ. ಪೆಟ್ಟಿಗೆ ಎತ್ತಿ!"

"ಯಾವ ಪೆಟ್ಟಿಗೆ? ಆ ರದ್ದಿನಾ?"

"ಅದೇ. ನಿಮ್ಮ ರದ್ದಿಗೆ ಇವತ್ತು ಮೋಕ್ಷ. ಎತ್ತಿ ಅಂದ್ರೆ!"

ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡು, ಪೆಟ್ಟಿಗೆ ಹೆಗಲ ಮೇಲೆ ಹೊತ್ತುಕೊಂಡು ಅವನು ಮುಂದೆ, ಪಾಸ್‌ಪೋರ್ಟ್ ಎದೆಗವುಚಿಕೊಂಡು ಅವಳು ಹಿಂದೆ. "ಒಂದು ದಿನಕ್ಕೊಂದೇ ಹಾಳೆ ಅಂತ ಸುಮ್ನಿದ್ದೆ. ಭಾರ ಈಗ ಗೊತ್ತಾಗ್ತಿದೆ," ಎಂದು ಅವನು ದಾರಿಯುದ್ದಕ್ಕೂ ಏದುಸಿರು ಬಿಟ್ಟ.

ಲೈಬ್ರರಿಯ ಗಡಿಯಾರದಲ್ಲಿ ಐದಕ್ಕೆ ಹದಿನೆಂಟು ನಿಮಿಷ ಇತ್ತು. ಸಾಲಿನಲ್ಲಿ ಉಳಿದಿದ್ದ ಇಬ್ಬರು ಪೆಟ್ಟಿಗೆಯನ್ನು ಕಂಡು ತಾವಾಗಿಯೇ ದಾರಿ ಬಿಟ್ಟರು. ಸೂಜಿಯಕ್ಕ ಒಂಬತ್ತು ಕಟ್ಟುಗಳನ್ನೂ ಮೇಜಿನ ಮೇಲೆ ವರ್ಷದ ಪ್ರಕಾರ ಜೋಡಿಸಿದಳು.

ಮುದ್ರೆಯಮ್ಮ ಮೊದಲ ಕಟ್ಟು ಬಿಚ್ಚಿದಳು. ಮೊದಲ ಹಾಳೆಯಲ್ಲಿ ಪಾಸ್‌ಪೋರ್ಟಿನದೇ ಇರುವೆ ಸಾಲು. ಒಂದು ಕಾಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರತಿ ಹಾಳೆಯ ಮುಂಭಾಗದಲ್ಲಿ ಅಚ್ಚಾದ ತಾರೀಕು, ಹಿಂಭಾಗದಲ್ಲಿ ಸಹಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಡುತ್ತ ಹೋದಳು. ಎರಡನೇ ವರ್ಷಕ್ಕೆ ಇರುವೆಗಳು ಸಾಲಾಗಿ ನಿಂತವು. ನಾಲ್ಕನೆಯ ವರ್ಷ ಅಕ್ಷರಗಳು ಬೆನ್ನು ನೆಟ್ಟಗೆ ಮಾಡಿದವು. ಆರನೆಯ ವರ್ಷದ ಒಂದು ಬೆಳಗ್ಗೆ ಬಾಲಕ್ಕೆ ಮೊದಲ ಸುತ್ತು ಬಂತು, ಮರುದಿನ ಹೋಯಿತು, ಮೂರನೆಯ ದಿನ ಮತ್ತೆ ಬಂದು ಉಳಿದುಕೊಂಡಿತು. ಒಂದು ಹಾಳೆಯಲ್ಲಿ ಸಹಿ ಒಂದೇ ಕಡೆಗೆ ಜಾರಿತ್ತು.

"ಇದೇನು?"

"ಜ್ವರ. ತಟ್ಟೆ ಮೇಲಿಟ್ಟು ಬರೆದದ್ದು."

"ನನ್ನ ಊಟದ ತಟ್ಟೆ," ಎಂದ ಗಂಡ ಹಿಂದಿನಿಂದ, ಸಾಕ್ಷಿ ಹೇಳುವವನಂತೆ.

ಸಾಲಿನಲ್ಲಿದ್ದವರೂ ಬಗ್ಗಿ ನೋಡುತ್ತಿದ್ದರು. ಮುದ್ರೆಯಮ್ಮ ಆ ದಿನ ಬೆಳಗ್ಗೆ ಸಹಿ ಹಾಕಿದ ಕೊನೆಯ ಕ್ಯಾಲೆಂಡರ್ ಹಾಳೆಗೆ ಬಂದು, ಅದನ್ನು ಹೊಸ ಸಹಿಯ ಪಕ್ಕ ಇಟ್ಟಳು. ಮಹಾರಾಣಿಗೆ ಮಹಾರಾಣಿ. ಆಕೆ ತನ್ನ ದಫ್ತರದಲ್ಲಿ ನಾಲ್ಕು ಸಾಲು ಬರೆದುಕೊಂಡಳು. ಪೆನ್ನನ್ನು ಸೂಜಿಯಕ್ಕನ ಕಡೆಗೆ ತಳ್ಳಿ, "ಇನ್ನೂ ಹದಿಮೂರು ಬಾಕಿ ಇದೆ. ಬೇಗ," ಎಂದಳು.

ಮುದ್ರೆ ಬಿದ್ದಾಗ ಐದಕ್ಕೆ ಎರಡು ನಿಮಿಷ. ಅದರ ಸದ್ದು ಕೇಳಿದ ಕೂಡಲೇ ಸೂಜಿಯಕ್ಕನ ಕೈ ಕಾಲರಿಗೆ ಹೋಯಿತು. "ಈಗ ಆ ಗುಂಡಿ ಕೊಡಿ," ಎಂದಳು. ಮುದ್ರೆಯಮ್ಮ ಏನು ಎಂದು ಕೇಳುವಷ್ಟರಲ್ಲಿ ಗುಂಡಿ ಗಟ್ಟಿಯಾಗಿ ಕೂತಿತ್ತು.

ಕಾಗದ ಇಪ್ಪತ್ತಾರಕ್ಕೆ ತಂಗಿಯ ಕೈ ಸೇರಿತು. ಮುಂದಿನ ವಾರ ಬಂದ ಫೋನಿನಲ್ಲಿ ತಂಗಿಯ ಮಾತಿಗಿಂತ ಹಿಂದಿನ ಯಂತ್ರಗಳ ಸದ್ದೇ ಜೋರಾಗಿತ್ತು. "ಹದಿನೆಂಟಲ್ಲ ಅಕ್ಕಾ, ಇಪ್ಪತ್ತೊಂದು ಜನ ಸೇರಿದಾರೆ! ಇನ್ನೊಂದು ಕಾಗದ ಬೇಕು, ವಿದ್ಯುತ್ ಲೈನಿಗೆ. ಒಂದೇ ಹಾಳೆ. ಬೈಬೇಡ."

"ಬೈಯಲ್ಲ. ಆದ್ರೆ ನಿನ್ನ ಹುಡುಗೀರಿಗೆ ಹೊಲಿಗೆ ಜೊತೆ ಸಹಿನೂ ಕಲಿಸು."

ಹಾಗೆ ಸೂಜಿಯಕ್ಕ ಮತ್ತೊಂದು ಬುಧವಾರ ಲೈಬ್ರರಿಯ ಸಾಲಿನಲ್ಲಿ ನಿಂತಳು. ಸುಮ್ಮನೆ ನಿಲ್ಲುವ ಜಾಯಮಾನ ಅವಳದಲ್ಲ. ಮುಂದಿದ್ದ ಅಡುಗೆಯವನೊಬ್ಬ ಕಾಗದವನ್ನು ತೊಡೆಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. "ಅಯ್ಯೋ, ತಡಿ ತಡಿ! ಅವರ ಎದುರಿಗೇ ಹಾಕ್ಬೇಕು," ಎಂದು ಅವನ ಕೈ ಹಿಡಿದಳು. ಹಿಂದಿದ್ದ ಬಸುರಿಗೆ ಪಾಸ್‌ಪೋರ್ಟಿನ ಸಹಿ ಒಮ್ಮೆ ನೋಡಿಕೊಳ್ಳಲು ಹೇಳಿದಳು. ಮೂರನೆಯವರಿಗೆ ಪ್ರಿಂಟ್ ತೆಗೆಯುವ ಯಂತ್ರ ತೋರಿಸಿದಳು. ಅಂದು ಸಾಲು ಎಂದಿಗಿಂತ ಬೇಗ ಸರಿಯಿತು.

ಮುದ್ರೆಯಮ್ಮ ಅವಳ ಒಂದೇ ಹಾಳೆಗೆ ಮುದ್ರೆ ಒತ್ತಿ, ಸ್ವೆಟರಿನ ಗುಂಡಿ ಮುಟ್ಟಿ ತೋರಿಸಿ ನಕ್ಕಳು.

"ಇನ್ನು ನೀವು ಇಲ್ಲಿ ನಿಲ್ಲಬೇಡಿ. ಬಟ್ಟೆ ಕೊಡೋಕೆ ನಾನು ಹೇಗೂ ನಿಮ್ಮ ಲಾಂಡ್ರಿಗೆ ಬರ್ತೀನಿ. ಮುದ್ರೆ ಚೀಲದಲ್ಲೇ ಇರುತ್ತೆ. ನಿಮ್ಮದು ಏನಿದ್ದರೂ ಅಲ್ಲೇ ಮಾಡಿಕೊಡ್ತೀನಿ."

ಸೂಜಿಯಕ್ಕ ತಿರುಗಿ ಸಾಲನ್ನು ನೋಡಿದಳು. ಬಾಗಿಲ ಹತ್ತಿರ ಹೊಸದಾಗಿ ಬಂದು ನಿಂತ ಮುದುಕನೊಬ್ಬ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದ.

"ಬೇಡ ಕಣಮ್ಮ, ನಾನು ಬುಧವಾರವೇ ಬರ್ತೀನಿ," ಎಂದು ಹೇಳುತ್ತಲೇ ಅವಳು ಆ ಮುದುಕನ ಕಡೆಗೆ ಓಡಿದಳು.