ಪರದೆಗೆ ಹೊದಿಸಿದ ಟವೆಲ್

ಕುರ್ಚಿ ಬಿಟ್ಟು ಏಳುವ ಮೊದಲು ವೀರಶೆಟ್ಟಿ ಕಾಕಾ ರೊಟ್ಟಿ ಗಂಟಿನ ಟವೆಲ್ ಬಿಚ್ಚಿ ಕಂಪ್ಯೂಟರಿನ ಮೇಲೆ ಹೊದಿಸುತ್ತಿದ್ದರು. ನೀರು ಕುಡಿಯಲು ನಾಲ್ಕು ಹೆಜ್ಜೆ ಹೋಗುವುದಿದ್ದರೂ ಅಷ್ಟೇ. ಹೀಗಾಗಿ ನಮ್ಮ ಸಿಬ್ಬಂದಿ ವಿಭಾಗದ ಆ ಪರದೆ ಸದಾ ಶೇಂಗಾ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ನಾಸಿಕ್ ಬಳಿ, ಓಝರ್ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಯಾರಿಗೆ ಬಡ್ತಿ, ಯಾರಿಗೆ ವರ್ಗ, ಯಾರಿಗೆ ಏನು ಕಾಯಿಲೆ ಎಂಬುದೆಲ್ಲ ಇದ್ದದ್ದು ಅದರಲ್ಲೇ. ಬೀದರ್ ಕಡೆಯ ಈ ಮನುಷ್ಯನ ಬಾಯಿಂದ ಒಂದಕ್ಷರ ಹೊರಬಿದ್ದದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ಹೊಸ ವ್ಯವಸ್ಥೆ ಬಂತು. ಮೇಲಿನ ಪುಟ್ಟ ಕ್ಯಾಮೆರಾಕ್ಕೆ ಎದುರಿಗೆ ಮುಖ ಕಾಣದಿದ್ದರೆ ಪರದೆ ತಾನೇ ಬೆಳ್ಳಗಾಗಿ ಎಲ್ಲವನ್ನೂ ಮರೆಮಾಡುತ್ತದೆ. ಮುಖ ಯಾರದಾದರೂ ಅದಕ್ಕೆ ಸರಿ. ಕಾಕಾ ಮಾತ್ರ ಟವೆಲ್ ಬಿಡಲಿಲ್ಲ, ಕ್ಯಾಮೆರಾವನ್ನೂ ಸೇರಿಸಿ ಹೊದಿಸಿದರು. ಊಟಕ್ಕೆ ಮುಂಚೆ ಅವರು ತಲೆ ತಗ್ಗಿಸಿ, ಕೊರಳಿನ ಲಿಂಗಕ್ಕೆ ಕೈಮುಗಿದು ಕಣ್ಣು ಮುಚ್ಚುವರು, ಪರದೆಯೂ ಮುಚ್ಚಿಕೊಳ್ಳುವುದು. "ನಾ ಇಲ್ಲೇ ಕುಂತೀನಿ, ಇದು ನೋಡಿದ್ರ ನಾ ಇಲ್ಲೇ ಇಲ್ಲ ಅಂತದ," ಎಂದು ಗಲಿಬಿಲಿಗೊಂಡು ನನ್ನನ್ನು ಕರೆಯುವರು. ಹತ್ತು ಸಲ ವಿವರಿಸಿದ್ದೆ. ತಿಳಿಯಿತೋ ಇಲ್ಲವೋ, ತಲೆಯಾಡಿಸುತ್ತಿದ್ದರು.

ಆಗಲೇ ದೂರದ ಛತ್ರಪತಿ ಸಂಭಾಜಿನಗರದ ಶಾಖೆಗೆ ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುತ್ತಾರೆಂಬ ಸುದ್ದಿ ಹಬ್ಬಿತು. ನನ್ನ ಹೆಂಡತಿಗೆ ಏಳು ತಿಂಗಳು, ಡಾಕ್ಟರು ಓಡಾಟವೇ ಬೇಡ ಎಂದಿದ್ದರು. ನನಗೆ ನಿದ್ದೆ ಹಾರಿಹೋಯಿತು. ಕಾಕಾ ಅವರ ಮೇಜಿನ ಸುತ್ತ ಸುಳಿದಾಡಿದೆ. ಅವರು ಟವೆಲನ್ನು ಇನ್ನಷ್ಟು ಕೆಳಗೆಳೆದರು.

ಒಂದು ಮಧ್ಯಾಹ್ನ ಅವರೇ ಕರೆದರು. "ಚಹಾ ಕುಡ್ದು ಬರ್ತೀನಿ. ನೀವು ಇಲ್ಲಿ ಕುಂದ್ರಿ, ಇಲ್ಲಂದ್ರ ಇದು ಮುಚ್ಕೋತದ."

ಟವೆಲ್ ಹೊದಿಸಿದರು, ಆದರೆ ಕ್ಯಾಮೆರಾ ಬಿಟ್ಟು. ನಾನು ಅವರ ಕುರ್ಚಿಯಲ್ಲಿ ಕುಳಿತೆ. ಮರೆತರೇ? ನನ್ನನ್ನು ಪರೀಕ್ಷಿಸುತ್ತಿದ್ದಾರೆಯೇ? ಕೊನೆಗೆ ಮಾನ ಬಿಟ್ಟು ಅಂಚು ಎತ್ತಿದೆ. ವರ್ಗದ ಆದೇಶ ತೆರೆದೇ ಇತ್ತು. ಅದರಲ್ಲಿದ್ದ ಹೆಸರು ಒಂದೇ, ವೀರಶೆಟ್ಟಿ. ನನಗೆ ಮೊದಲು ಸಂತೋಷವಾಯಿತು, ನಾಚಿಕೆಯಾದದ್ದು ಆಮೇಲೆ.

ಹಿಂದಿರುಗಿದ ಕಾಕಾ ಟವೆಲಿನ ಮಡಿಕೆ ನೋಡಿದರು. "ಇವತ್ತರೆ ಆರಾಮ ಮಲಕೊಳ್ರಿ," ಎಂದು ಕೆಲಸಕ್ಕೆ ಕುಳಿತರು.

ಆದೇಶ ಹೊರಬೀಳುವವರೆಗೆ ನಾನು ಅವರಿಗೆ ಒಂದು ಸಮಾಧಾನದ ಮಾತನ್ನೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಕದ್ದು ನೋಡಿದ್ದನ್ನು ಒಪ್ಪಿಕೊಂಡಂತೆ. ಸುದ್ದಿ ಬಂದ ದಿನ ಎಲ್ಲರ ಜೊತೆ ನಾನೂ ಬೆರಗಾದವನಂತೆ ನಟಿಸಿದೆ. ನಾಸಿಕ್ ಬಸ್ ನಿಲ್ದಾಣದಲ್ಲಿ ಅವರ ಚೀಲ ಎತ್ತಿಕೊಟ್ಟು, "ಕಾಕಾ, ಅವತ್ತು ನಾ..." ಎಂದು ಶುರುಮಾಡಿದೆ.

"ಬ್ಯಾಡ್ರಿ," ಎಂದರು. "ಆಫೀಸಿಂದು ಬಸ್ ಸ್ಟ್ಯಾಂಡಿನಾಗ ಮಾತಾಡಬಾರದು."

ಅವರು ಯಂತ್ರ ತಿಳಿಯದೆ ಹಾಗೆ ಮಾಡಿದರೋ, ಜನ್ಮವಿಡೀ ಕಾಯ್ದ ಗುಟ್ಟನ್ನು ನನಗಾಗಿ ಬಿಟ್ಟುಕೊಟ್ಟರೋ, ಇಂದಿಗೂ ಬಗೆಹರಿದಿಲ್ಲ. ನನ್ನ ಮಗಳು ಈಗ ತೆವಳುತ್ತಾಳೆ. ಕಾಕಾ ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬೆಳಗ್ಗೆ ಆಫೀಸಿನ ಸಿಪಾಯಿ ಎಲ್ಲದರ ಜೊತೆ ಅವರ ಕಂಪ್ಯೂಟರನ್ನೂ ಚಾಲೂ ಮಾಡುತ್ತಾನೆ. ಎದುರಿಗೆ ಮುಖ ಕಾಣದೆ ಅದು ದಿನವಿಡೀ ಬೆಳ್ಳಗೆ ಇರುತ್ತದೆ.