ಇಳಿಜಾರಿನಲ್ಲಿ ಕೊಂಡ ಬೈಕು

ತಮ್ಮಯ್ಯ ನನ್ನ ಓರಗೆಯವನು. ಊರೆಲ್ಲ ಅವನನ್ನು ರೈಟ್ರು ಅಂತ ಕರೆದರೂ ಅವನು ಕತೆ ಕಾದಂಬರಿ ಬರೆದವನಲ್ಲ. ಗೋಣಿಬೀಡಿನ ಹತ್ತಿರದ ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸದವರ ಹಾಜರಿ ಬರೆದವನು. ಅವನ ಕೃತಿಯಲ್ಲಿ ಪಾತ್ರಗಳು ನೂರಾರು, ಕತೆ ಒಂದೇ: ಬಂದರು, ಬರಲಿಲ್ಲ. ಎಂಟೂವರೆ ದಾಟಿ ಬಂದವರಿಗೆ ಅರ್ಧ ದಿನ. ಮೊಮ್ಮಗನಿಗೆ ಜ್ವರ ಅಂತ ಹತ್ತು ನಿಮಿಷ ತಡವಾದ ದ್ಯಾವಮ್ಮನಿಗೂ ಅರ್ಧ. ಒಂದು ವರ್ಷ ಕೊಯ್ಲಿಗೆ ಬಂದಿದ್ದ ಸ್ವಂತ ಹೆಂಡತಿ ಯಶೋದಾಳಿಗೂ ಅರ್ಧ ಹಾಕಿದ. ಅವತ್ತು ಮನೆಯಲ್ಲಿ ಅವನಿಗೆ ಊಟವೂ ಅರ್ಧವೇ ಸಿಕ್ಕಿತು.

ಹೋದ ವರ್ಷ ತೋಟದ ಯಜಮಾನರಾದ ಸುರೇಂದ್ರಗೌಡರು ಆರು ಕಿಲೋಮೀಟರ್ ಮೇಲೆ, ಗುಡ್ಡದ ನೆತ್ತಿಯಲ್ಲಿ ಇನ್ನೊಂದು ತೋಟ ಕೊಂಡರು. ದ್ಯಾವಮ್ಮನೂ ಸೇರಿ ಎಂಟು ಮನೆಯವರನ್ನು ಅಲ್ಲಿಯ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಕಳಿಸಿದರು. ಅಲ್ಲಿಗೆ ಬಸ್ಸಿಲ್ಲ, ಜೀಪು ಹತ್ತು ಗಂಟೆಯ ಮೇಲೆ.

"ಇನ್ಮೇಲೆ ಕೆಳಗಿನ ಹಾಜರಿ ಏಳೂವರೆಗೇ ಮುಗಿಸಿ, ಎಂಟೂಕಾಲಿಗೆ ಮೇಲಿರ್ಬೇಕು ತಮ್ಮಯ್ಯ," ಅಂದರು ಗೌಡರು. "ಒಂದು ಗಾಡಿ ಮಾಡ್ಕಳಿ. ಆಗಲ್ಲ ಅಂದ್ರೆ ಹೇಳಿ, ನನ್ನ ಭಾವನ ಮಗ ತನ್ಮಯ್ ಖಾಲಿ ಇದಾನೆ. ಅವನ ಹತ್ರ ಬೈಕೂ ಇದೆ."

ಹಾಜರಿ ಪುಸ್ತಕ ಕೈತಪ್ಪಿದರೆ ಐವತ್ತೆರಡನೇ ವಯಸ್ಸಿನಲ್ಲಿ ತಮ್ಮಯ್ಯ ಕಣದಲ್ಲಿ ಕಾಫಿ ಹರವಬೇಕು. ಮಾರನೇ ದಿನವೇ ಮೂಡಿಗೆರೆಗೆ ಹೋದ.

ಹಳೆ ಬೈಕು ಮಾರುವ ದಿಲೀಪನ ಅಂಗಡಿ ಇರುವುದು ಇಳಿಜಾರಿನ ನೆತ್ತಿಯಲ್ಲಿ. ಅದು ಕಾಕತಾಳೀಯವೆಂದು ನಾನೂ ಬಹಳ ದಿನ ನಂಬಿದ್ದೆ.

"ಮೇಷ್ಟ್ರ ಗಾಡಿ ಅಣ್ಣ. ಭಾನುವಾರ ಹೊರಗೇ ತೆಗೀತಿರ್ಲಿಲ್ಲ. ಕಂಡೀಷನ್ ನೋಡಿ," ಅಂದ ದಿಲೀಪ. ಹಿಂದಿನ ಸೀಟಿನಲ್ಲಿ ಕೂತು, "ನಡೀರಿ, ಓಡ್ಸೇ ನೋಡಿ," ಅಂದ.

ಇಳಿಜಾರು ಕಂಡ ಕೂಡಲೇ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿಗೆ ಹಾಕುವುದು ನಮ್ಮ ಬೆಟ್ಟದವರ ಸಂಸ್ಕಾರ. ಒಂದು ಹನಿ ಪೆಟ್ರೋಲ್ ಉಳಿಯುವುದಾದರೆ ಬ್ರೇಕಿನ ಆಯುಸ್ಸನ್ನೂ ನಮ್ಮ ಆಯುಸ್ಸನ್ನೂ ಲೆಕ್ಕಿಸುವವರಲ್ಲ. ತಮ್ಮಯ್ಯನ ಕೈ ತಾನಾಗಿಯೇ ಕೀ ತಿರುಗಿಸಿತು. ಬೈಕು ಗಾಳಿಯಂತೆ ಕೆಳಗಿಳಿಯಿತು. "ಒಂಚೂರು ಸೌಂಡಿಲ್ಲ ನೋಡಿ ಅಣ್ಣ," ಎಂದು ದಿಲೀಪ ಹಿಂದಿನಿಂದ ಹೊಗಳಿದ. ಆಫ್ ಆದ ಎಂಜಿನ್ ಸದ್ದು ಮಾಡುವುದಾದರೂ ಹೇಗೆ? ಕೆಳಗಿನ ಹೋಟೆಲಿನಲ್ಲಿ ಇಬ್ಬರೂ ಟೀ ಕುಡಿದರು, ಅಲ್ಲೇ ಕಾಗದಕ್ಕೆ ಸಹಿಯೂ ಆಯಿತು. ಅಂಗಡಿಗೆ ವಾಪಸ್ ಏರಲು ದಿಲೀಪ ಆಟೋ ಹಿಡಿದ. ಆಗಲೂ, ಬಹುಪಾಲು ಇಳಿದಾರಿಯಲ್ಲೇ ಊರು ಸೇರುವಾಗಲೂ, ತಮ್ಮಯ್ಯನಿಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಸೋಮವಾರ ಬೆಳಿಗ್ಗೆ, ಹೊಸ ತೋಟದ ಮೊದಲ ಏರಿನಲ್ಲಿ. ಎಂಜಿನ್ ಮಂಗಳೂರಿಗೆ ಹೊರಟಷ್ಟು ಗದ್ದಲ ಮಾಡಿತು, ಚಕ್ರಕ್ಕೆ ಆ ಸುದ್ದಿಯೇ ಮುಟ್ಟಲಿಲ್ಲ. ಎರಡನೇ ಗೇರು ಹಾಕಿದರೆ ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದು ಕೂರುತ್ತಿತ್ತು. ದಿಲೀಪ ಹೊಗಳಿದ್ದೆಲ್ಲ ಹೊಗೆಯಾಗಿ ಹಿಂದಿನಿಂದ ಹೊರಬಂತು. ಸೆಕೆಂಡ್ ಹ್ಯಾಂಡ್ ಗಾಡಿ, ಕೈ ಕೊಡುವುದರಲ್ಲಿ ಮಾತ್ರ ಫಸ್ಟು.

"ಏರಲ್ಲಿ ಎಳೀತಿಲ್ಲ ಮಾರಾಯ," ಎಂದು ತಮ್ಮಯ್ಯ ಅಂಗಡಿಗೆ ಹೋಗಿ ದೂರಿದ.

"ಓಡ್ಸಿ ನೋಡಿ ತಗಂಡಿದ್ದು ನೀವೇ ಅಲ್ವಾ ಅಣ್ಣ?"

"ಅವತ್ತು ಓಡ್ಸಿದ್ದು ಇಳಿಜಾರಲ್ಲಿ."

"ಎಂಜಿನ್ ಆಫ್ ಮಾಡಿದ್ದು ಯಾರು? ನಾನು ಸುಮ್ನೆ ಹಿಂದೆ ಕೂತಿದ್ದೆ."

ದಿಲೀಪ ಕ್ಲಚ್ಚಿನ ಕೇಬಲ್ ಬಿಗಿ ಮಾಡಿ ಕಳಿಸಿದ. ಎರಡನೇ ಸಲ ಹೋದಾಗ ಸಡಿಲ ಮಾಡಿ ಕಳಿಸಿದ. ಮೂರನೇ ಸಲ ಕಾಗದ ತೋರಿಸಿದ. ಅದು ಇಂಗ್ಲಿಷಿನಲ್ಲಿತ್ತು. ತಮ್ಮಯ್ಯ ಅದನ್ನು ನನ್ನ ಹತ್ತಿರ ತಂದ. ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ ಅಂತ ಬರೆದಿತ್ತು. ಗಾಡಿಯಲ್ಲಿರಬೇಕಾದ ಕಂಡೀಷನ್ನೆಲ್ಲ ಕಾಗದದಲ್ಲಿತ್ತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಅಷ್ಟು ಕಷ್ಟಪಟ್ಟು ಕಲಿಸಿದ ಇಂಗ್ಲಿಷು, ಒಬ್ಬ ಮನುಷ್ಯನಿಗೆ ಅವನು ಮೋಸಹೋದದ್ದನ್ನು ಕನ್ನಡದಲ್ಲಿ ತಿಳಿಸುವ ಕೆಲಸಕ್ಕೆ ಬಂತು.

ಬಣಕಲ್ಲಿನ ಮೆಕ್ಯಾನಿಕ್ಕು ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ಬಿಚ್ಚಬೇಕು ಅಂದ. ಖರ್ಚು ಗಾಡಿಯ ಬೆಲೆಯ ಅರ್ಧ. ಜನ್ಮವಿಡೀ ಅರ್ಧ ಹಾಕಿದವನಿಗೆ ಈ ಅರ್ಧ ಹೊಂದಿಸಲಾಗಲಿಲ್ಲ. ಸಾಲಕ್ಕೆ ಗೌಡರ ಹತ್ತಿರ ಹೋಗುವುದೆಂದರೆ ಗಾಡಿ ಕೆಟ್ಟಿದೆ ಅಂತ ತಾನೇ ಹೋಗಿ ಹೇಳಿದಂತೆ.

ಹಾಗಾಗಿ ದಿನಾ ಮೂರನೇ ತಿರುವಿನವರೆಗೆ ಬೈಕಿನಲ್ಲಿ ಹೋಗುವುದು, ಅಲ್ಲಿ ಅದು ನಿಂತ ಮೇಲೆ ಪೊದೆಗೆ ಒರಗಿಸಿ ಉಳಿದದ್ದನ್ನು ನಡೆದು ಹತ್ತುವುದು ಶುರುವಾಯಿತು. ಮೇಲೆ ತಲುಪುವಾಗ ಒಂದೊಂದು ದಿನ ಎಂಟೂವರೆ, ಒಂದೊಂದು ದಿನ ಒಂಬತ್ತು. ಎಂಟು ಗಂಟೆಗೇ ಬಂದು ಕೂತಿರುತ್ತಿದ್ದ ಹೆಂಗಸರು, ಏದುಸಿರು ಬಿಡುತ್ತ ಬರುವ ಅವನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

"ಬೈಕು ತಗಂಡ್ಮೇಲೆ ರೈಟ್ರು ಸಪೂರ ಆದ್ರು ಕಣೇ," ಅಂದಳು ಒಬ್ಬಳು.

ದ್ಯಾವಮ್ಮ ನಗಲಿಲ್ಲ. "ರೈಟ್ರೇ, ಈಗ ಗಂಟೆ ಎಷ್ಟು?" ಅಂತ ಕೇಳಿದಳು.

"ಎಂಟೂ ಐವತ್ತು."

"ನಾವೆಲ್ಲ ಎಂಟಕ್ಕೇ ಬಂದೀವಿ. ಹಂಗಾರೆ ಅರ್ಧ ಯಾರಿಗೆ?"

ನಕ್ಕು ತೇಲಿಸಬಹುದಿತ್ತು. ರೈಟರು ತಿಂಗಳ ಸಂಬಳದವನು, ಅವನು ಬಂದ ಹೊತ್ತನ್ನು ಕೇಳುವವರು ಆ ಗುಡ್ಡದಲ್ಲಿ ಯಾರೂ ಇರಲಿಲ್ಲ. ಆದರೆ ದ್ಯಾವಮ್ಮನ ಕಣ್ಣೆದುರು ಅವನಿಗೆ ಅದು ಆಗಲಿಲ್ಲ. ಪುಸ್ತಕದ ಸಿಬ್ಬಂದಿ ಪುಟ ತೆರೆದು, ತನ್ನ ಹೆಸರಿನ ಮುಂದೆ ಅರ್ಧ ಅಂತ ಬರೆದು ಅವಳಿಗೇ ತೋರಿಸಿದ. ಅವಳಿಗೆ ಓದಲು ಬರುವುದಿಲ್ಲ. ಆದರೂ ನೋಡಿ, "ಸರಿ," ಅಂದಳು.

ಆ ಮೇಲೆ ತಡವಾದ ಪ್ರತಿ ದಿನವೂ ಹಾಗೆಯೇ ಬರೆದ. ಹೆಂಗಸರು ತಮಾಷೆ ನಿಲ್ಲಿಸಿದರು. ಒಂದು ದಿನ ದ್ಯಾವಮ್ಮ ತನ್ನ ತಿಂಡಿಯಿಂದ ಅವನಿಗೆ ಒಂದು ರೊಟ್ಟಿ ಕೊಟ್ಟಳಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ತಿಂಗಳ ಕೊನೆಗೆ ಗೌಡರು ಮೇಲಿನ ತೋಟಕ್ಕೆ ಬಂದು ಪುಸ್ತಕ ತೆಗೆಸಿದರು. ತನ್ಮಯ್ ಬೈಕಿನಲ್ಲೇ ಬಂದು ಪಕ್ಕದಲ್ಲಿ ನಿಂತಿದ್ದ.

"ಹದಿಮೂರು ಅರ್ಧ," ಅಂದರು ಗೌಡರು. "ಅಂದ್ರೆ ಆರೂವರೆ ದಿನ ನೀವು ಇರ್ಲೇ ಇಲ್ಲ."

"ಇದ್ದೆ ಗೌಡ್ರೇ. ಲೇಟಾಗಿ ಬಂದೆ. ಗಾಡಿ ಕೈಕೊಡ್ತು."

"ನಂಗೆ ಯಾರೂ ಹೇಳ್ಲಿಲ್ಲ. ನೀವೇ ಬರ್ದಿದೀರಲ್ಲ, ನಿಮ್ಮ ಕೈಯಲ್ಲೇ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಬರೀರಿ ಅಂದಿದ್ದು ಯಾರು?"

ತಮ್ಮಯ್ಯ ಹೆಂಗಸರ ಕಡೆ ನೋಡಲಿಲ್ಲ. "ಯಾರೂ ಹೇಳ್ಲಿಲ್ಲ," ಅಂದ.

"ಒಂದನೇ ತಾರೀಕಿಂದ ಕಣ ನೋಡ್ಕಳಿ. ಪುಸ್ತಕ ತನ್ಮಯ್ ಇಟ್ಕಳ್ಲಿ. ಇವತ್ತಿನದೊಂದು ತುಂಬಿ ಕೊಟ್ಬಿಡಿ."

ತಮ್ಮಯ್ಯ ನಿಂತುಕೊಂಡೇ ಪುಟ ತುಂಬಿದ. ಹೆಂಗಸರು ಹದಿನಾರು ಜನ, ಎಲ್ಲರಿಗೂ ಪೂರ್ತಿ. ಆ ಬೆಳಿಗ್ಗೆ ಅವನು ತಲುಪಿದ್ದು ಎಂಟೂ ನಲವತ್ತಕ್ಕೆ. ಸಿಬ್ಬಂದಿ ಪುಟ ತಿರುವಿ, ತನ್ನ ಹೆಸರಿನ ಮುಂದೆ ಹದಿನಾಲ್ಕನೇ ಅರ್ಧ ಬರೆದು, ಶಾಯಿ ಆರಲೆಂದು ಊದಿ, ಪುಸ್ತಕವನ್ನು ತನ್ಮಯನ ಕೈಗೆ ಕೊಟ್ಟ.