ಎಲ್ಲ ದೇಶಕ್ಕೂ ಒಪ್ಪುವ ದಾರ

ಸಾಯುವ ಹಿಂದಿನ ದಿನವೂ ನನ್ನ ಗಂಡ ಒಟ್ಮಾರ್ ಬ್ರೆಡ್ಡು ತಿನ್ನುತ್ತಾ ಇಂಗ್ಲೆಂಡಿನವರನ್ನು ಬೈಯುತ್ತಿದ್ದ. ಅಲ್ಲಿಂದ ನಮ್ಮ ಹಾರಾಟದ ಕ್ಲಬ್ಬಿಗೆ ಬಂದ ತರಬೇತಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ಪುಟ್ಟ ವಿಮಾನ, ಎತ್ತರವನ್ನು ಅಡಿಗಳಲ್ಲಿ ತೋರಿಸುತ್ತಿತ್ತು. ನಮ್ಮ ಜರ್ಮನಿಯಲ್ಲಿ ಮೀಟರು. ಕ್ಲಬ್ಬಿನ ಉಪಕರಣ ತಪಾಸಣೆ ಅವನ ಕೆಲಸ. ನೆಂಟರ ಮನೆಗೆ ಊಟಕ್ಕೆ ಹೋದರೂ ಕುರ್ಚಿಗೆ ಬೆಲ್ಟ್ ಯಾಕಿಲ್ಲ ಎಂದು ಕೇಳುತ್ತಿದ್ದ. ಕೇಕ್ ಮಾಡಿದರೆ, "ಇದು ಯಾವ ದೇಶದ ಅಳತೇದು?" ಎನ್ನುತ್ತಿದ್ದ. "ಎಲ್ಲಾ ದೇಶಾನೂ ಒಪ್ಪೋದು ಒಂದೂ ಇಲ್ವಾ ಮಾರಾಯಾ?" ಎಂದು ಅವತ್ತು ನಾನು ಕೇಳಿದೆ. "ಇದೆ ಕಣೇ. ಗ್ಲೈಡರಿನ ಮುಂದಿನ ಗಾಜಿನ ಮೇಲೆ ಅಂಟಿಸಿ, ಗಾಳಿ ಯಾವ ಕಡೆಯಿಂದ ಬಡೀತಿದೆ ಅಂತ ತೋರ್ಸೋ ಉಣ್ಣೆ ದಾರ. ನಿನ್ನ ಕೆಂಪು ಸ್ವೆಟರ್ರೇ ಸಾಕು," ಅಂದ. ನನ್ನನ್ನು ಕೇಳದೆಯೇ ಅದರ ಬಲತೋಳನ್ನು ಆಗಲೇ ಬಿಚ್ಚಿ ಮುಗಿಸಿದ್ದ. ಮರುದಿನ ಅವನ ಎದೆಬಡಿತ ನಿಂತಿತು. ಈಗ ದಿನಾ ಬೆಳಿಗ್ಗೆ ಎಡತೋಳಿನಿಂದ ಒಂದು ಗೇಣು ದಾರ ಕತ್ತರಿಸಿ, ಆ ಇಂಗ್ಲೆಂಡಿನ ಗ್ಲೈಡರಿನ ಗಾಜಿಗೆ ನಾನೇ ಅಂಟಿಸಿ ಬರುತ್ತೇನೆ.